ಮುಂಗಡ ಮುಡಿ

"ನಾನೇ ಹೇಳಾದಾದ್ರ ನೀವ್ಯಾಕ ಇಷ್ಟೊಂದು ಓದಿದ್ರಿ ಡಾಕ್ಟ್ರಮ್ಮ?"

ಬಾಯಿಂದ ಮಾತು ಬಿದ್ದ ಮೇಲೆಯೇ ತಾನು ಕೂಗಿಬಿಟ್ಟೆ ಎಂಬುದು ವೀಣಾಗೆ ತಿಳಿದದ್ದು. ಹೊರಗೆ ಸರದಿ ಕಾಯುತ್ತಿದ್ದವರಲ್ಲಿ ಯಾರೋ ಬಾಗಿಲ ಸಂದಿನಿಂದ ಇಣುಕಿದರು. ಪಕ್ಕದ ಕುರ್ಚಿಯಲ್ಲಿದ್ದ ಗಂಡ ಜಗದೀಶ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ. ಅವನು ಬೆಳಗಿನಿಂದ ಅದನ್ನೇ ನೋಡುತ್ತಿದ್ದ.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ಸಾಕಾಗಿತ್ತು ಎಂದು ಕಾಣುತ್ತದೆ.

"ಇನ್ನೊಂದು ಸಲ ಹೇಳ್ತೀನಿ ಕೇಳಿ ವೀಣಾ. ಗಂಟು ಚಿಕ್ಕದಿತ್ತು. ಮೊಲೆ ತೆಗೆದಿದ್ದೀವಿ. ಕಂಕುಳಿಗೆ ಹರಡಿಲ್ಲ. ಇಷ್ಟೂ ಒಳ್ಳೇದೇ. ಆದರೆ ನಿಮಗಿನ್ನೂ ಮೂವತ್ತೆರಡು. ಈ ವಯಸ್ಸಲ್ಲಿ ಬರೋ ಗಂಟು ಸ್ವಲ್ಪ ಚುರುಕಾಗಿರುತ್ತೆ. ಮಾತ್ರೆ ವರ್ಷಗಟ್ಟಲೆ ನುಂಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮುಂಚೆ ಕೀಮೋ ಕೊಟ್ಟರೆ ಮತ್ತೆ ಬರೋದು ಇನ್ನೊಂದಿಷ್ಟು ಕಮ್ಮಿಯಾಗುತ್ತೆ. ನಿಮ್ಮಂಥ ನೂರು ಹೆಂಗಸರಿಗೆ ಕೊಟ್ಟರೆ ಒಂದು ನಾಲ್ಕು ಜನಕ್ಕೆ ಅದರಿಂದ ಉಪಯೋಗ."

"ಮಿಕ್ಕೋರ್ಗ?"

"ಮಿಕ್ಕವರಲ್ಲಿ ಹೆಚ್ಚಿನವರು ಕೀಮೋ ಇಲ್ಲದೇನೂ ಚೆನ್ನಾಗೇ ಇರ್ತಿದ್ದರು. ಕೆಲವರಿಗೆ ಕೊಟ್ಟರೂ ಮತ್ತೆ ಬರುತ್ತೆ."

"ಆ ನಾಕು ಜನ್ದಲ್ಲಿ ನಾನು ಇದ್ದೀನಾ?"

"ಅದು ಗೊತ್ತಿದ್ದಿದ್ದರೆ ನಾನೇ ಹೇಳಿಬಿಡ್ತಿದ್ದೆ. ನಿಮ್ಮನ್ನ ಯಾಕೆ ಕೇಳ್ತಿದ್ದೆ?"

ತಗೊಂಡರೂ ತಪ್ಪಲ್ಲ, ತಗೊಳ್ಳದಿದ್ದರೂ ತಪ್ಪಲ್ಲ ಎಂದರು. ತಾವಾಗಿದ್ದರೆ ತಗೊಳ್ಳುವ ಕಡೆಗೇ ಒಂದು ಕೂದಲೆಳೆ ವಾಲುತ್ತಿದ್ದೆ, ಆದರೆ ಮೈ ನಿಮ್ಮದು ಎಂದರು. ತಲೆಗೂದಲು ಉದುರುತ್ತದೆ. ವಾಂತಿ, ಬಾಯಿಹುಣ್ಣು, ಸುಸ್ತು. ರಕ್ತದ ಶಕ್ತಿ ಇಳಿದಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಆ ತಿಂಗಳುಗಳಲ್ಲಿ ದನದ ದೊಡ್ಡಿಯ ಹತ್ತಿರ ಸುಳಿಯಕೂಡದು, ಸಗಣಿ ಮುಟ್ಟಕೂಡದು. ಆಮೇಲೆ ದನಿ ತಗ್ಗಿಸಿ ಮತ್ತೊಂದು ಮಾತು ಹೇಳಿದರು. ಮುಟ್ಟು ನಿಂತುಹೋಗಬಹುದು. ತಿರುಗಿ ಬರಲೂಬಹುದು, ಬರದೇ ಇರಲೂಬಹುದು. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ಅಂಡಾಣು ತೆಗೆದು ಕಾಪಾಡಿ ಇಡುವ ಏರ್ಪಾಡು ಉಂಟು.

ವೀಣಾಗೆ ತನ್ನೂರು ಮಸಿನಗುಡಿಯ ದನದ ಡಾಕ್ಟರು ನೆನಪಾದರು. ಹೋರಿಯ ಬೀಜವನ್ನು ಹೊಗೆಯಾಡುವ ಡಬ್ಬದಲ್ಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ನಗು ಬಂತು. ನಗುವುದಕ್ಕೂ ಎಡಪಕ್ಕೆ ಹಿಡಿದುಕೊಳ್ಳಬೇಕಾಯಿತು.

"ಅದೆಲ್ಲ ಬ್ಯಾಡಿ," ಅಂದಳು.

"ಸರಿ. ಕೀಮೋ ವಿಷಯ ಮುಂದಿನ ವಾರದೊಳಗೆ ಹೇಳಿ. ತುಂಬ ತಡ ಮಾಡಿದರೆ ಕೊಟ್ಟೂ ಪ್ರಯೋಜನ ಕಮ್ಮಿ."

ಮೈಸೂರಿನಿಂದ ಗುಂಡ್ಲುಪೇಟೆಯವರೆಗೂ ಜಗದೀಶ ರಸ್ತೆ ನೋಡಿಕೊಂಡೇ ಗಾಡಿ ಓಡಿಸಿದ. ಅವನದು ಹಳೆಯ ಪಿಕಪ್ ಗಾಡಿ. ಮಸಿನಗುಡಿಯ ದೊಡ್ಡಿಗಳಿಂದ ಒಣಗಿದ ಗೊಬ್ಬರ ತುಂಬಿಕೊಂಡು ಕಲ್ಲಟ್ಟಿ ಘಾಟಿ ಹತ್ತಿಸಿ ಊಟಿ, ಕೋತಗಿರಿ, ಕೂಕಲ್ತೊರೈ ಕಡೆಯ ಕ್ಯಾರೆಟ್ ಹೊಲಗಳಿಗೂ ಟೀ ತೋಟಗಳಿಗೂ ಸುರಿದು ಬರುವುದು ಅವನ ಕೆಲಸ. ಗಾಡಿಯನ್ನು ಎಷ್ಟು ತೊಳೆದರೂ ಸೀಟಿನಲ್ಲಿ ಗೊಬ್ಬರದ ವಾಸನೆ ಹೋಗುತ್ತಿರಲಿಲ್ಲ. ವೀಣಾಗೆ ಆಸ್ಪತ್ರೆಯ ವಾಸನೆಗಿಂತ ಇದೇ ಎಷ್ಟೋ ವಾಸಿ ಅನ್ನಿಸಿತು. ಬಂಡೀಪುರದ ಕಾಡು ದಾಟುವಾಗ ಕೇಳಿದಳು:

"ನೀವೇನಂತೀರಿ?"

"ನಿನ್ನಿಷ್ಟ ಕನ."

ತೆಪ್ಪಕಾಡಿನ ಚೆಕ್‌ಪೋಸ್ಟ್ ದಾಟಿದ ಮೇಲೆ ಮತ್ತೆ ಕೇಳಿದಳು. ಅವನು ಮತ್ತೆ ಅದನ್ನೇ ಅಂದ. ಎಂಟು ವರ್ಷದ ಸಂಸಾರದಲ್ಲಿ ಸಾರಿಗೆ ಉಪ್ಪು ಎಷ್ಟು ಹಾಕಬೇಕು ಎಂಬುದನ್ನು ಕೂಡ ಅವಳ ಇಷ್ಟಕ್ಕೆ ಬಿಡದಿದ್ದ ಗಂಡಸು ಇದೊಂದನ್ನು ಧಾರಾಳವಾಗಿ ಅವಳ ಮಡಿಲಿಗೆ ಹಾಕಿ ಕೈ ತೊಳೆದುಕೊಂಡಿದ್ದ. ವೀಣಾ ಕಿಟಕಿ ಕಡೆ ತಿರುಗಿ ಕೂತಳು.

ದೊಡ್ಡಿ ಮನೆಯ ಹಿಂದೆಯೇ. ಹಗಲೆಲ್ಲ ಕಾಡಿನಂಚಿನಲ್ಲಿ ಮೇದ ದನಗಳು ಸಂಜೆಗೆ ಬಂದು ಮುಳ್ಳುಬೇಲಿಯೊಳಗೆ ನಿಲ್ಲುತ್ತವೆ. ಅತ್ತೆ ಮಲ್ಲಾಜಮ್ಮ ಆಗಲೇ ಎರಡು ಹಸು ಕರೆದು ಮುಗಿಸಿದ್ದಳು. ವೀಣಾ ಸೀರೆ ಬದಲಾಯಿಸದೆ ನೇರ ಒಳಗೆ ಹೋಗಿ ಚುಕ್ಕಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಈ ಹಸು ವೀಣಾ ಹಾಲು ಕರೆಯಲು ಕೂತಾಗಲೆಲ್ಲ ಕತ್ತು ತಿರುಗಿಸಿ ಅವಳ ಜಡೆಯ ತುದಿಯನ್ನು ನಾಲಿಗೆಯಿಂದ ಎಳೆದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಎಷ್ಟು ಹೊಡೆದರೂ ಆ ಚಾಳಿ ಬಿಟ್ಟಿರಲಿಲ್ಲ. ಈಗಲೂ ಎಳೆಯಿತು. ವೀಣಾ ಹೊಡೆಯಲಿಲ್ಲ.

"ಏನಂದ್ರಂತ?" ಮಲ್ಲಾಜಮ್ಮ ಕೊಡದ ಮೇಲೆ ಬಟ್ಟೆ ಕಟ್ಟುತ್ತ ಕೇಳಿದಳು.

"ಕೀಮೋ ತಗಂಡ್ರೂ ಆಯ್ತದಂತ, ಬುಟ್ರೂ ಆಯ್ತದಂತ. ತಗಂಡ್ರ ಮುಟ್ಟು ನಿಂತೋಗ್ಬೋದಂತ, ಕೂದ್ಲು ಉದ್ರೋಯ್ತದಂತ."

ಮಲ್ಲಾಜಮ್ಮನ ಕೈ ನಿಂತಿತು.

"ಎಲ್ಲನೂವಾ?"

"ಎಲ್ಲನೂವ."

"ಮುಡಿ ದೇವ್ರದು ಕನವ್ವ," ಅಂದಳು ಮಲ್ಲಾಜಮ್ಮ. "ಆಸ್ಪತ್ರ ಬಚ್ಚಲ್ಲಿ ಉದುರ್ಸದಲ್ಲ ಅದು."

ಅದು ನಿಜವೇ ಆಗಿತ್ತು. ವೀಣಾಳನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನ ಮಲ್ಲಾಜಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಸೊಸೆ ಪೂರ್ತಿ ವಾಸಿಯಾಗಲಿ, ಬೆಟ್ಟಕ್ಕೆ ಕರೆತಂದು ಅವಳ ತುಂಬು ಮುಡಿ ಕೊಡಿಸುತ್ತೇನೆ. ಹೆಂಗಸರಿಗೆ ಮೂರು ಕತ್ತರಿ ಹಾಕಿಸುವ ಹೂಮುಡಿ ಸಾಕಾಗಿತ್ತು. ಆದರೆ ಮಲ್ಲಾಜಮ್ಮ ಚಿಲ್ಲರೆ ವ್ಯವಹಾರದವಳಲ್ಲ. ಹರಕೆ ಹೊತ್ತ ತಲೆಗೆ ಕೊಡುವ ತನಕ ಕತ್ತರಿ ಸೋಕಿಸುವಂತಿಲ್ಲ. ವೀಣಾ ತಲೆ ಬಾಚಿದಾಗ ಹಣಿಗೆಗೆ ಬಂದ ಕೂದಲನ್ನು ಸಹ ಅವಳು ಉಂಡೆ ಮಾಡಿ ದೇವರ ಗೂಡಿನ ಪಕ್ಕದ ಗೋಡೆ ಸಂದಿಗೆ ಸಿಕ್ಕಿಸುತ್ತಿದ್ದಳು. ಕೊಡುವುದು ಕೇಳಿದ್ದು ಕೈಗೂಡಿದ ಮೇಲೆ. ಅದು ಕ್ರಮ.

ವೀಣಾ ಕರೆಯುತ್ತಲೇ ಇದ್ದಳು. ಹಾಲಿನ ಧಾರೆ ತಂಬಿಗೆಯ ತಳಕ್ಕೆ ಬೀಳುತ್ತಿತ್ತು. ಅವಳ ಭುಜದ ಮೇಲಿಂದ ಏನೋ ಇಳಿದ ಹಾಗಾಯಿತು. ಇಡೀ ದಿನದಲ್ಲಿ ಒಬ್ಬರಾದರೂ 'ಆಗದು' ಎಂದಿದ್ದರು.

ಆಮೇಲೆ ಕೇಳಿದವರಿಗೆಲ್ಲ ಅವಳದು ಅದೇ ಉತ್ತರವಾಯಿತು. ಅಂಗಡಿಗೆ ಹೋದರೆ ಅಂಗಡಿಯವನು ಕೇಳಿದ. ನೀರಿಗೆ ಹೋದರೆ ಪಕ್ಕದ ಬೀದಿಯವಳು ಕೇಳಿದಳು. ಒಬ್ಬಳು ನೆಲನೆಲ್ಲಿ ಅರೆದು ಕುಡಿ ಎಂದಳು, ಇನ್ನೊಬ್ಬಳು ಕತ್ತೆ ಹಾಲು ಎಂದಳು, ಬೇಗೂರಿನಿಂದ ಫೋನು ಮಾಡಿದ ಅಕ್ಕ ಸಕ್ಕರೆ ಬಿಟ್ಟರೆ ಆ ರೋಗ ಉಪವಾಸ ಬಿದ್ದು ಸಾಯುತ್ತದೆ ಎಂದು ಯಾರೋ ಹೇಳಿದ್ದನ್ನು ಒಪ್ಪಿಸಿದಳು. ಜಗತ್ತಿನಲ್ಲಿ ಡಾಕ್ಟರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಖಚಿತವಾಗಿ ಗೊತ್ತಿತ್ತು. "ನಮ್ಮತ್ತ ಹರ್ಕ ಹೊತ್ತವ್ರ, ಮುಡಿ ಬುಟ್ಟದ. ಅದ್ಕೇ ಕೀಮೋ ಆಗಲ್ಲ," ಎಂದು ವೀಣಾ ಹೇಳಿಬಿಡುತ್ತಿದ್ದಳು. ಜನ ಪಾಪ ಅನ್ನುತ್ತಿದ್ದರು. ಪಾಪ ಅನ್ನಿಸಿಕೊಳ್ಳುವುದು ಯೋಚನೆ ಮಾಡುವುದಕ್ಕಿಂತ ಸುಲಭ.

ಎಡಗೈ ಕಿವಿಯವರೆಗೆ ಏಳುತ್ತಿರಲಿಲ್ಲ. ಗಾಯದ ಗೆರೆಗೆ ಕತ್ತಿನ ಲಿಂಗದ ಕರಡಿಗೆ ತಾಗಿ ಉರಿಯುತ್ತದೆಂದು ಶಿವದಾರವನ್ನು ಗಿಡ್ಡ ಮಾಡಿ ಗಂಟಲ ಹತ್ತಿರಕ್ಕೆ ಏರಿಸಿಕೊಂಡಿದ್ದಳು. ಅದನ್ನು ನೋಡಿ ಏಳು ವರ್ಷದ ಮಗಳು ಅಭಿನಯಾ, "ಅವ್ವ, ನಿಂಗ ಕರೂಗ ಗಂಟೆ ಕಟ್ದಂಗ ಅದ," ಎಂದು ಬಿದ್ದು ಬಿದ್ದು ನಕ್ಕಿದ್ದಳು. ವೀಣಾನೂ ನಕ್ಕಿದ್ದಳು. ಸ್ನಾನ ಮಾಡುವಾಗ ಮಾತ್ರ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು, ಯಾರೂ ಇಲ್ಲದಿದ್ದರೂ.

ಹಾಲಿನ ಡಿಪೊದಲ್ಲಿ ಅಳತೆ ಮಾಡುವ ತೇನ್ಮೊಳಿಗೆ ಮಾತ್ರ ಈ ಉತ್ತರ ಸಾಲಲಿಲ್ಲ. ಅವಳು ದೇವಾಲ ಕಡೆಯವಳು, ಟೀ ಎಸ್ಟೇಟಿನ ಲೈನ್ ಮನೆಯಲ್ಲಿ ಹುಟ್ಟಿದವಳು. ಬಾಯಿ ತುಂಬ ತಮಿಳು, ಮೇಲೆ ಒಂದು ಚಮಚ ಕನ್ನಡ.

"ನಮ್ಮ ಅಕ್ಕಂಗೂ ಇದೇ ತಾನೇ ಬಂದದ್ದು? ಕೀಮೋ ತಗೊಂಡು, ಬೋಳು ಮೊಟ್ಟೆ ತಲೆ ಮಾಡ್ಕೊಂಡು ಆರು ತಿಂಗಳು ಮೂಲೇಲಿ ಬಿದ್ದಿದ್ದಳು. ನೀರು ಕುಡಿದ್ರೂ ಕಬ್ಬಿಣ ನೆಕ್ಕಿದ ಹಾಗೆ ಅಂತಿದ್ದಳು. ಸತ್ತೇ ಹೋಗ್ತಾಳೆ ಅಂತ ನಾನು ಅವಳ ಒಳ್ಳೇ ಸೀರೆ ಯಾವುದು ಅಂತ ನೋಡಿ ಇಟ್ಟಿದ್ದೆ. ಈಗ ಎಲೆ ಕೀಳೋಕೆ ಹೋಗ್ತಾಳೆ, ನನಗೆ ದಿನಾ ಫೋನಲ್ಲಿ ಬೈತಾಳೆ. ಸೀರೆ ಕೊಡಲ್ಲ ಅಂತಾಳೆ."

"ನಮ್ಮತ್ತ ಹರ್ಕ..." ಎಂದು ವೀಣಾ ಶುರು ಮಾಡಿದಳು.

"ಹರಕೇನಾ?" ತೇನ್ಮೊಳಿ ಅಳತೆ ಪಾತ್ರೆಯನ್ನು ದಡಾರನೆ ಇಟ್ಟಳು. "ನಾಳೆ ಬರಲಿ ನಿಮ್ಮ ಅತ್ತೆ."

ವೀಣಾ ಆಗಲೇ ತಡೆಯಬಹುದಾಗಿತ್ತು. ಅತ್ತೆ ಬೇಡ ಅಂದಿಲ್ಲ, ಇಷ್ಟೇ ಅಂದದ್ದು ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಖಾಲಿ ಕ್ಯಾನು ಎತ್ತಿಕೊಂಡು ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಹಾಲು ಹಾಕಲು ಹೋದ ಮಲ್ಲಾಜಮ್ಮ ವಾಪಸು ಬಂದದ್ದು ಓಣಿಯ ಆ ತುದಿಯಿಂದಲೇ ಕೇಳಿಸಿತು. ಕ್ಯಾನಿನ ಮುಚ್ಚಳ ಡಬಡಬ ಹೊಡೆದುಕೊಳ್ಳುತ್ತಿತ್ತು. ವೀಣಾ ದೊಡ್ಡಿಯಲ್ಲಿ ಒಂದು ಕೈಯಲ್ಲಿ ಸಲಿಕೆ ಹಿಡಿದು ಒಣ ಗೊಬ್ಬರ ಎಳೆಯುತ್ತಿದ್ದಳು. ಅವತ್ತು ಲೋಡು ಹೋಗಬೇಕಿತ್ತು, ಚೀಲ ತುಂಬುವುದಿತ್ತು.

"ಹತ್ತು ಜನ್ರ ಮುಂದ ಅಂದ್ಳು ಆ ತಮಿಳ್ರ ಹೆಣ್ಣು! ಏನ್ ಪಾಟಿ, ನಿಂಗೆ ಸೊಸೆ ದೊಡ್ಡದಾ, ಅವಳ ಮಯಿರು ದೊಡ್ಡದಾ ಅಂತ! ನನ್ಗ! ದೇವ್ರ ಮುಡೀನ ಮಯಿರು ಅಂದ್ಳು! ಅಷ್ಟೂ ಜನ ನನ್ ಮಕ ನೋಡಿದ್ರು, ನಾ ಏನೋ ನಿನ್ ಕತ್ತು ಹಿಸುಕ್ತಾ ಇವ್ನಿ ಅನ್ನಂಗ!"

"ಅವ್ಳ ಬಾಯಿ ಹಂಗೇ ಅತ್ತೆಮ್ಮ..."

"ಅವ್ಳ ಬಾಯಿ ಬುಡು. ನಿನ್ ಬಾಯಿ ಏನಂದದ ಅದ್ನೇಳು. ನಾ ಬ್ಯಾಡ ಅಂದ್ನಾ? ನಾ ಯಾವತ್ತಂದಿ?"

"ನೀವೇ ಅಲ್ವ ಅಂದದ್ದು, ಮುಡಿ ದೇವ್ರದು, ಬಚ್ಚಲ್ಗ ಉದುರ್ಸಬಾರ್ದು ಅಂತ."

"ಅಂದಿ. ಈಗ್ಲೂ ಅಂತೀನಿ. ಉದುರ್ಸ್ಬ್ಯಾಡ, ಮೊದ್ಲು ಹೋಗಿ ಕೊಟ್ಬುಟ್ಟು ಬರಮ ಅನ್ನಕ್ಕ ಎಷ್ಟೊತ್ತು? ಕ್ರಮ ತಪ್ತದ. ತಪ್ಲಿ. ಮಾದಪ್ಪಂಗ ನಾ ಹೇಳ್ಕತಿದ್ದಿ. ನೀ ಕೇಳ್ತೀಯ ಅಂತ ಕಾದಿ. ಯಾವತ್ತಾರ ಬೆಟ್ಟಕ್ಕ ಯಾವಾಗ ಹೋಗದು ಅತ್ತೆಮ್ಮ ಅಂತ ಕೇಳ್ದ್ಯಾ? ಇಲ್ಲ. ನೆವ ಸಿಕ್ತು, ಅಪ್ಕೊಂಡೆ. ನಿಂಗ ಬ್ಯಾಡಾಗಿದ್ರ ಬ್ಯಾಡ ಅನ್ನು ಕನ. ನನ್ ಮ್ಯಾಲ ಯಾಕ ಎತ್ತಾಕೀಯೆ? ಮಾದಪ್ಪನ್ ಮ್ಯಾಲ ಯಾಕ ಎತ್ತಾಕೀಯೆ?"

ವೀಣಾ ಸಲಿಕೆಯನ್ನು ಎಸೆದಳು. ಅದು ಬೇಲಿಗೆ ಬಡಿದು, ಮೇವಿನ ಮುಂದೆ ನಿಂತಿದ್ದ ನಾಲ್ಕಾರು ದನ ತಲೆ ಎತ್ತಿದವು.

"ಹೂಂ, ಎತ್ತಾಕ್ದಿ! ಯಾರಾರ ಒಬ್ರು ಹೇಳ್ಲಿ ಅಂತ ಎತ್ತಾಕ್ದಿ! ಡಾಕ್ಟ್ರು ನಿನ್ನಿಷ್ಟ ಅಂತಾರ, ನಿಮ್ಮ ಮಗ ನಿನ್ನಿಷ್ಟ ಅಂತಾನ. ನನ್ನಿಷ್ಟ ಏನು ಅಂತ ಒಬ್ರಿಗಾರ ಗೊತ್ತಾ? ನಂಗ ಇನ್ನೊಂದು ಕೂಸು ಬೇಕಿತ್ತು ಅತ್ತೆಮ್ಮ. ಅದು ನನ್ನಿಷ್ಟ. ಕೊಡ್ತಾರಾ?"

ಹೇಳಿದ್ದು ಅಷ್ಟೇ. ಹೇಳದೆ ಉಳಿದದ್ದು ಇನ್ನೊಂದಿತ್ತು. ಯುಗಾದಿ ಆದ ಮೇಲೆ ಎದೆ ಭಾರವಾಗಿ ನೋಯತೊಡಗಿದಾಗ ಅವಳು ಬಸುರಿ ಎಂದುಕೊಂಡಿದ್ದಳು. ಅಭಿನಯಾ ಹೊಟ್ಟೆಯಲ್ಲಿದ್ದಾಗಲೂ ಹಾಗೇ ಆಗಿತ್ತು. ಯಾರಿಗೂ ಹೇಳದೆ, ಮಾವಿನಕಾಯಿ ತರಿಸಿ, ಒಂದಷ್ಟು ದಿನ ಒಬ್ಬಳೇ ನಗುತ್ತ ಓಡಾಡಿದ್ದಳು. ಆಮೇಲೆ ಮುಟ್ಟಾಯಿತು. ನೋವು ಮಾತ್ರ ಎಡಗಡೆ ಉಳಿದುಕೊಂಡಿತು. ಕೈಗೆ ಸಿಕ್ಕಿದ್ದು ಗಂಟು.

ಮಲ್ಲಾಜಮ್ಮ ತುಂಬಿದ ಚೀಲವೊಂದರ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂಗೂ ಬೇಕಿತ್ತು," ಅಂದಳು. "ಅದ್ಕೇ ನಾನೂ ಬೆಟ್ಟದ್ ಮಾತ ಎತ್ಲಿಲ್ಲ."

ಇಬ್ಬರಲ್ಲಿ ಯಾರೂ ಅಳಲಿಲ್ಲ, ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಒಂದು ಕರು ಬಂದು ಮಲ್ಲಾಜಮ್ಮನ ಸೆರಗು ಜಗಿಯತೊಡಗಿತು. ಅದರ ಮೂತಿಗೆ ಒಂದು ಕೊಟ್ಟಳು. ಆಮೇಲೆ ಎದ್ದು ಹೋಗಿ ಸಲಿಕೆ ಎತ್ತಿಕೊಂಡು ಬಂದು, ಅದನ್ನು ಸೊಸೆಗೆ ಕೊಡದೆ ತಾನೇ ಎಳೆಯಲು ನಿಂತಳು. ವೀಣಾ ಬಲಗೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದಳು. ಲೋಡು ಹೋಗಬೇಕಿತ್ತು.

ಸಂಜೆ ಜಗದೀಶ ಕೂಕಲ್ತೊರೈಯಿಂದ ಬಂದವನು ಬಾವಿಕಟ್ಟೆಯ ಹತ್ತಿರ ಗಾಡಿ ತೊಳೆಯುತ್ತಿದ್ದ. ಮುಂದಿನ ಸೀಟಿನಲ್ಲಿ ಹೊಲದವರು ಕೊಟ್ಟಿದ್ದ ಒಂದು ಕಟ್ಟು ಕ್ಯಾರೆಟ್ ಸೊಪ್ಪಿನ ಸಮೇತ ಬಿದ್ದಿತ್ತು. ವೀಣಾ ಹೋಗಿ ಗಾಡಿಯ ಬಾಗಿಲಿಗೆ ಒರಗಿ ನಿಂತಳು.

"ಈಗ ಕೇಳ್ತೀನಿ, ಇದೇ ಕೊನೆ. ನಿನ್ನಿಷ್ಟ ಅಂದ್ರ ಆ ಬಕೀಟು ನಿಮ್ಮ ತಲ ಮ್ಯಾಲ ಸುರೀತೀನಿ."

ಜಗದೀಶ ಬಕೀಟಿನ ಕಡೆ ನೋಡಿದ. ಅದರಲ್ಲಿ ಗೊಬ್ಬರ ತೊಳೆದ ನೀರಿತ್ತು. ಅವನು ಕೈಯಲ್ಲಿದ್ದ ಚಿಂದಿಯನ್ನು ಹಿಂಡಿದ, ಬಿಡಿಸಿದ, ಮತ್ತೆ ಹಿಂಡಿದ.

"ನಂಗ ಭಯ ಕನ ವೀಣಾ. ತಗೋ ಅಂದು, ಅದ್ರಲ್ಲೇ ನಿಂಗೇನಾರ ಆದ್ರ ನಾ ಅಂದದ್ಕೇ ಆಯ್ತು ಅಂತೀಯೆ. ಬ್ಯಾಡ ಅಂದು, ಆ ದರಿದ್ರ ಮತ್ತ ಬಂದ್ರ ಆಗ್ಲೂ ನಾ ಅಂದದ್ಕೇ. ಎರಡರಲ್ಲೂ ನಾನೇ ಸಿಕ್ಕಾಕಳದು. ಅದ್ಕೇ..."

"ಅದ್ಕೇ ನಾ ಸಿಕ್ಕಾಕಳ್ಲಿ ಅಂತ."

ಅವನು ಚಿಂದಿಯನ್ನು ಬಕೀಟಿಗೆ ಹಾಕಿದ. "ಹೂಂ," ಅಂದ.

ವೀಣಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇವನು ಅವಳ ಹಿಂದೆ ಅಡಗಿದ್ದ, ಅವಳು ಅತ್ತೆಯ ಹಿಂದೆ, ಅತ್ತೆ ಮಾದಪ್ಪನ ಹಿಂದೆ. ಮಾದಪ್ಪ ಯಾರ ಹಿಂದೆ ಅಡಗಿಯಾನು? ಅವನೂ ಬೆಟ್ಟದ ಮೇಲೆ ಕೂತು ನಿನ್ನಿಷ್ಟ ಅನ್ನುತ್ತಿರಬೇಕು. ಅವಳು ಒಂದು ಕ್ಯಾರೆಟ್ ಎಳೆದು ಸೊಪ್ಪು ಕಿತ್ತು ಕಡಿದಳು.

"ಒಳ್ಳೇದದ," ಅಂದಳು, ಕ್ಯಾರೆಟ್ಟಿಗೆ.

ಕತ್ತಲಾಗುವ ಮೊದಲು ದೊಡ್ಡಿಯ ಬಾಗಿಲಿಗೆ ಮುಳ್ಳು ಎಳೆಯಬೇಕು. ಹಿಂದಿನ ಬೇಸಿಗೆಯಲ್ಲಿ ಹುಲಿ ಬಂದು ಇನ್ನೂ ಕರು ಹಾಕದ ಒಂದು ಗಡಸನ್ನು ಹೊತ್ತುಕೊಂಡು ಹೋಗಿತ್ತು. ಜಗದೀಶ ಒಂದು ಕಡೆ ಹಿಡಿದ. ವೀಣಾ ಬಲಗೈಯಲ್ಲಿ ಇನ್ನೊಂದು ಕಡೆ ಹಿಡಿದು ಎಳೆದಳು. ಒಳಗೆ ದನಗಳು ಒಂದಕ್ಕೊಂದು ಮೈತಾಗಿಸಿಕೊಂಡು ನಿಂತಿದ್ದವು, ಎಲ್ಲ ಸೇರಿದರೆ ಹೆಚ್ಚು ಕಡಿಮೆ ನೂರು. ಅವಳು ಸುಮ್ಮನೆ ಎಣಿಸುವವಳ ಹಾಗೆ ನೋಡಿದಳು. ಹುಲಿ ಬಂದರೆ ಒಂದನ್ನೋ ಎರಡನ್ನೋ ಹಿಡಿಯುತ್ತದೆ. ಯಾವುದನ್ನು ಎಂದು ಮಾವ ಬದುಕಿದ್ದಾಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೂ ದಿನಾ ಸಂಜೆ ಮೈ ಕೈ ಗೀರಿಸಿಕೊಂಡು ಇಡೀ ದೊಡ್ಡಿಗೇ ಮುಳ್ಳು ಎಳೆಯುವುದು ತಪ್ಪಿರಲಿಲ್ಲ. ಹಾಗೆಂದು ಅವಳಿಗೆ ದೊಡ್ಡ ಜ್ಞಾನವೇನೂ ಹುಟ್ಟಲಿಲ್ಲ. ಬೆರಳಿಗೆ ಮುಳ್ಳು ಹೊಕ್ಕಿತು. ಹುಲಿಯನ್ನೂ, ಗಂಡನನ್ನೂ, ಮುಳ್ಳನ್ನೂ ಸೇರಿಸಿ ಬೈದಳು.

ಬೆಳಿಗ್ಗೆ ಮಲ್ಲಾಜಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ವೀಣಾ ಒಳಗೆ ಬಂದು ಹಾಲಿನ ತಂಬಿಗೆ ಇಟ್ಟು, ಮುಖ ಅತ್ತ ತಿರುಗಿಸಿಕೊಂಡೇ ಕೇಳಿದಳು:

"ಬೆಟ್ಟಕ್ಕ ಯಾವಾಗ ಹೋಗದು ಅತ್ತೆಮ್ಮ?"

ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಮಲ್ಲಾಜಮ್ಮ ಅದನ್ನು ಬರಿಗೈಯಲ್ಲೇ ಎತ್ತಿ ಹಾಕಿದಳು.

"ಸೋಮ್ವಾರ ಬ್ಯಾಡ, ಜನ ಜಾಸ್ತಿ. ನಾಳೀಕೇ ಹೋಗಮ," ಅಂದಳು.

ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ, ಆಮೇಲೆ ಬೆಟ್ಟದ ತಿರುವುಗಳು. ಗೊಬ್ಬರದ ಗಾಡಿಯಲ್ಲೇ ಹೋದರು. ಅಭಿನಯಾ ಅಜ್ಜಿಯ ತೊಡೆಯ ಮೇಲೆ ಎರಡು ಸಲ ವಾಂತಿ ಮಾಡಿದಳು. ಮಲ್ಲಾಜಮ್ಮನ ಸೊಂಟದಲ್ಲಿ ಗೋಡೆ ಸಂದಿನಿಂದ ತೆಗೆದ ಕೂದಲಿನ ಉಂಡೆಗಳೆಲ್ಲ ಒಂದು ಬಟ್ಟೆಯಲ್ಲಿ ಗಂಟಾಗಿದ್ದವು. ಬಿಟ್ಟದ್ದು ಒಂದೆಳೆಯೂ ಇಲ್ಲ ಎಂದು ದಾರಿಯುದ್ದಕ್ಕೂ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮುಡಿ ತೆಗೆಯುವ ಕಡೆ ನೆಲವೆಲ್ಲ ಒದ್ದೆ. ಸಾಲಾಗಿ ಕೂತ ಗಂಡಸರು, ಮಕ್ಕಳು, ಕಿರುಚುವ ಕೂಸುಗಳು. ವೀಣಾ ಮಣೆಯ ಮೇಲೆ ಕೂತು ತಲೆ ಬಗ್ಗಿಸಿದಳು. ಜಡೆ ಬಿಚ್ಚಿದಾಗ ಕೂದಲು ಮಂಡಿ ದಾಟಿ ನೆಲ ಮುಟ್ಟಿತು. ವಯಸ್ಸಾದ ಕ್ಷೌರಿಕ ಅದನ್ನು ಒಂದು ಸಲ ನೋಡಿ, ಕೈಯನ್ನು ನೀರಿಗೆ ಅದ್ದಿದ.

"ಹೂಮುಡಿಯಾ ತಾಯಿ, ತುಂಬು ಮುಡಿಯಾ?"

"ತುಂಬು ಮುಡಿ."

"ಹರ್ಕ ತೀರ್ತಾ?"

ಹಿಂದೆ ನಿಂತಿದ್ದ ಮಲ್ಲಾಜಮ್ಮ ತಡವರಿಸಿದಳು. ಕೇಳಿದ್ದು ಇನ್ನೂ ಕೈಗೂಡಿಲ್ಲ. ದೇವರ ಬಾಗಿಲಲ್ಲಿ ನಿಂತು ಸುಳ್ಳು ಹೇಳುವುದೂ ಅವಳಿಂದಾಗದು. ವೀಣಾ ತಲೆ ಎತ್ತದೆಯೇ ಅಂದಳು:

"ಇನ್ನೂ ಇಲ್ಲಕನಣ್ಣ. ಇದು ಮುಂಗಡ. ಮುಂಗಡ ಈಸ್ಕಂಡ್ ಮ್ಯಾಲ ಲೋಡು ಕಳುಸ್ದೆ ಮಾದಪ್ಪ ಎಲ್ಗೋದಾನು?"

ಪಕ್ಕದ ಮಣೆಯಲ್ಲಿ ಕೂತಿದ್ದವನು ಅರ್ಧ ಬೋಳಾದ ತಲೆಯಲ್ಲೇ ನಕ್ಕ. ಕ್ಷೌರಿಕ ನಗಲಿಲ್ಲ. ಬಗ್ಗಿದಾಗ ಅವನಿಗೆ ಸೆರಗಿನಡಿ ಒಂದು ಪಕ್ಕ ಮಟ್ಟಸವಾಗಿದ್ದದ್ದು ಕಂಡಿತೋ ಏನೋ. ಹೊಸ ಬ್ಲೇಡು ಬಿಚ್ಚಿ ಹಾಕಿಕೊಂಡ. "ಕಣ್ಮುಚ್ಕೊ ತಾಯಿ," ಅಂದ.

ಮಲ್ಲಾಜಮ್ಮ ಸೆರಗೊಡ್ಡಿ ನಿಂತು, ಬಿದ್ದ ಕೂದಲನ್ನು ಹಿಡಿಹಿಡಿಯಾಗಿ ಅದಕ್ಕೆ ಹಾಕಿಕೊಂಡಳು. ಮಾದಪ್ಪನಿಗೆ ಏನು ಹೇಳಿಕೊಂಡಳೋ, ತುಟಿ ಆಡುತ್ತಲೇ ಇತ್ತು. ತಲೆಗೆ ಗಂಧ ಬಳಿಸಿಕೊಂಡು ಬಂದ ತಾಯಿಯನ್ನು ನೋಡಿ ಅಭಿನಯಾ ಅಪ್ಪನ ಕಾಲ ಹಿಂದೆ ಹೋಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದಳು.

"ಅವ್ವ, ನಿನ್ ಕಿವಿ ಇಷ್ಟು ದೊಡ್ಡವಾ?"

"ಹೂಂ. ನೀ ಗುಟ್ಟು ಹೇಳಾದೆಲ್ಲ ಕೇಳುಸ್ತದ."

ಬೆಟ್ಟದ ಬುಡದಲ್ಲಿ ಟೀ ಕುಡಿಯಲು ನಿಂತಾಗ ವೀಣಾ ಆಸ್ಪತ್ರೆಗೆ ಫೋನು ಮಾಡಿದಳು. ಯಾರೋ ನರ್ಸು ತೆಗೆದಳು. ಹೆಸರು ಹೇಳಿದಳು, ಬರ್ತೀನಿ ಅಂತ ಡಾಕ್ಟ್ರಮ್ಮಂಗೆ ಹೇಳಿ ಅಂದಳು. ಗುರುವಾರ ಬೆಳಿಗ್ಗೆ ಬಂದುಬಿಡಿ, ಖಾಲಿ ಹೊಟ್ಟೆಯಲ್ಲಿ ಬರುವುದು ಬೇಡ ಎಂದಿತು ಆ ಕಡೆಯ ದನಿ. ಇಷ್ಟೇನಾ ಅನ್ನಿಸಿತು. ಜಗ್ಗಾಡಿದ್ದಕ್ಕೆಲ್ಲ ಒಂದು ನಿಮಿಷ ಸಾಕಾಗಿತ್ತು. ಜಗದೀಶ ಟೀ ಲೋಟ ಅವಳ ಕೈಗೆ ಕೊಟ್ಟು, ತನ್ನ ತಲೆಗೆ ಸುತ್ತಿದ್ದ ಟವಲ್ ತೆಗೆದು ಅವಳ ತಲೆಗೆ ಹಾಕಿದ. ಅದೂ ಗೊಬ್ಬರ ನಾರುತ್ತಿತ್ತು.

ಬುಧವಾರ ಸಂಜೆ ಮಲ್ಲಾಜಮ್ಮ ಎಷ್ಟು ಬೇಡ ಅಂದರೂ ವೀಣಾ ತಂಬಿಗೆ ಎತ್ತಿಕೊಂಡು ದೊಡ್ಡಿಗೆ ಹೋದಳು. ನಾಳೆಯಿಂದ ಆ ಬೇಲಿ ದಾಟುವಂತಿರಲಿಲ್ಲ. ದನಗಳು ಆಗತಾನೇ ಬಂದಿದ್ದವು, ಧೂಳಿನ್ನೂ ಕೂತಿರಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಚುಕ್ಕಿಯ ಪಕ್ಕ ಕೂತಳು. ಹಸು ಒಂದು ಹೆಜ್ಜೆ ಹಿಂದೆ ಸರಿಯಿತು.

"ನಾನೇ ಕನ, ನಿಂತ್ಕೊ," ಅಂದಳು.

ದನಿ ಗುರುತು ಸಿಕ್ಕಿತು. ನಿಂತಿತು. ಮೊದಲ ನಾಲ್ಕು ಧಾರೆ ಬಿದ್ದ ಮೇಲೆ ವಾಡಿಕೆಯಂತೆ ಕತ್ತು ತಿರುಗಿಸಿ ಜಡೆಗಾಗಿ ಬೆನ್ನ ಮೇಲೆ ಮೂತಿ ಆಡಿಸಿತು. ಸಿಗಲಿಲ್ಲ. ಭುಜದ ಆ ಕಡೆ ನೋಡಿತು, ಈ ಕಡೆ ನೋಡಿತು. ಬಿಸಿ ಉಸಿರು ಕತ್ತಿಗೆ ತಾಗಿತು. ಆಮೇಲೆ ಒರಟು ನಾಲಿಗೆ ಅವಳ ಬೋಳು ತಲೆಯ ಹಿಂಭಾಗಕ್ಕೆ ಬಂತು, ಆಗ ಹುಟ್ಟಿದ ಕರುವನ್ನು ನೆಕ್ಕುವಾಗ ಬರುವ ಹಾಗೆ, ಕೆಳಗಿನಿಂದ ಮೇಲಕ್ಕೆ.

ಉರಿಯಿತು. ವೀಣಾ ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಸರಿಸಲಿಲ್ಲ. ತಂಬಿಗೆಯಲ್ಲಿ ನೊರೆ ಏರುತ್ತಿತ್ತು.